ಕೇಳಲು ನಾಚುವ ಕೊರತೆ

ಬಡವರಿಗೆ ಕೊಡಬೇಕು ಎಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಏನನ್ನು ಕೊಡಬೇಕು? ಅದನ್ನು ತೀರ್ಮಾನಿಸಬೇಕಾದವರು ಕೊಡುವವರೋ, ಪಡೆಯುವವರೋ? ಈ ಪ್ರಶ್ನೆಯನ್ನು ನಾನು ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ಕಲಿಯಲಿಲ್ಲ. ಒಬ್ಬ ವೃದ್ಧ ತಾಯಿ ಕಲಿಸಿದರು.

ಕೆಲವು ವರ್ಷಗಳ ಹಿಂದೆ ಕ್ರಿಸ್ತಜಯಂತಿಗೆ ಮುಂಚೆ ನಮ್ಮ ಧರ್ಮಕೇಂದ್ರದಲ್ಲಿ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆ ಹಾಗೂ ಒಂದೊಂದು ಕಂಬಳಿ ಹಂಚಿದೆವು. ಆ ತಾಯಿ ಎಲ್ಲರೂ ಹೋಗುವವರೆಗೆ ಕಾದು ನಿಂತಿದ್ದರು. “ಸ್ವಾಮಿ, ಹೋದ ವರ್ಷ ಕೊಟ್ಟ ಕಂಬಳಿ ಹಾಗೇ ಇದೆ. ಅದರ ಬದಲು ಹಳೇ ಪಂಚೆ, ಸೀರೆ ಇದ್ದರೆ ಕೊಡಿ” ಎಂದರು. “ಹಳೇ ಬಟ್ಟೆ ಯಾಕಮ್ಮಾ, ಹೊಸ ಕಂಬಳಿಯೇ ತಗೊಳ್ಳಿ” ಎಂದು ನಗುತ್ತಾ ಕಳುಹಿಸಿಬಿಟ್ಟೆ.

ಮುಂದಿನ ವಾರ ಪರಮಪ್ರಸಾದ ಕೊಂಡೊಯ್ದಾಗ ಅವರ ಮನೆ ನೋಡಿದೆ. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಹಿತ್ತಲಲ್ಲಿ ಒಗೆದು ಹರವಿದ ಬಟ್ಟೆ ಚೂರುಗಳು ಚಳಿಗೆ ಒಣಗದೆ ನೇತಾಡುತ್ತಿದ್ದವು. ಆ ತಾಯಿ ನಾಚಿಕೆಯಿಂದ ಅರ್ಧ ಮಾತ್ರ ಹೇಳಿದ್ದರು. ನಾನು ಆ ಅರ್ಧವನ್ನೂ ಕೇಳಿಸಿಕೊಂಡಿರಲಿಲ್ಲ.

ಅಮೆರಿಕದ ‘ಡೈಪರ್ ಬ್ಯಾಂಕು’ಗಳ ವಿಷಯ ಓದಿದಾಗ ಈ ಘಟನೆ ಮತ್ತೆ ನೆನಪಾಯಿತು. ಹಣವಿಲ್ಲದ ತಾಯಂದಿರಿಗೆ ಕೂಸುಗಳ ಡೈಪರ್ ಸಂಗ್ರಹಿಸಿ ಹಂಚುವ ಸೇವಾಸಂಸ್ಥೆಗಳಿವು. ಈ ಕೆಲಸಕ್ಕೆ ನಾಂದಿಯಾದದ್ದು 1994ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ನಡೆದ ಒಂದು ಡೈಪರ್ ಸಂಗ್ರಹ. ನ್ಯೂ ಹೇವನ್ ನಗರದಲ್ಲಿ ಸಮಾಜಸೇವಕಿ ಜೋಆನ್ ಗೋಲ್ಡ್‌ಬ್ಲಮ್ ತಾವು ಭೇಟಿಯಾದ ಬಡ ಮನೆಗಳಲ್ಲಿ ಒಮ್ಮೆ ಬಳಸಿ ಎಸೆಯಬೇಕಾದ ಡೈಪರನ್ನು ಕೊಡವಿ, ಅದನ್ನೇ ಮತ್ತೆ ಮಗುವಿಗೆ ತೊಡಿಸುವುದನ್ನು ಕಂಡರು. 2004ರಲ್ಲಿ ಅವರು ಅಲ್ಲಿ ಡೈಪರ್ ಬ್ಯಾಂಕ್ ತೆರೆದರು. 2011ರಲ್ಲಿ ಇಂಥ ಸಂಸ್ಥೆಗಳ ರಾಷ್ಟ್ರೀಯ ಜಾಲವೇ ಹುಟ್ಟಿತು.

ಅಷ್ಟು ಶ್ರೀಮಂತ ದೇಶದಲ್ಲಿ ಈ ಕೊರತೆ ಯಾಕೆ? ಅಲ್ಲಿ ಬಡವರಿಗೆ ಸರ್ಕಾರ ಕೊಡುವ ಆಹಾರ ನೆರವಿನಿಂದ ಡೈಪರ್ ಕೊಳ್ಳುವಂತಿಲ್ಲ. ಎಳೆಗೂಸಿಗಾದರೋ ದಿನಕ್ಕೆ ಎಂಟು ಹತ್ತು ಬೇಕು. 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ನ್ಯೂ ಹೇವನ್‌ನ ಅಧ್ಯಯನದಲ್ಲಿ, ಮಾತನಾಡಿಸಿದ ತಾಯಂದಿರಲ್ಲಿ ನೂರಕ್ಕೆ ಸುಮಾರು 30 ಮಂದಿ ತಮ್ಮ ಮಗುವಿಗೆ ಬೇಕಾದಷ್ಟು ಡೈಪರ್ ಒದಗಿಸಲಾಗುತ್ತಿಲ್ಲ ಎಂದಿದ್ದರು. ಆ ಕೊರತೆಗೂ ತಾಯಂದಿರ ಮನೋವ್ಯಥೆಗೂ ನಂಟಿರುವುದನ್ನು ಅದೇ ಅಧ್ಯಯನ ತೋರಿಸಿತು.

“ನಮ್ಮಜ್ಜಿ ಹಳೇ ಸೀರೆ ಹರಿದು ಹತ್ತು ಮಕ್ಕಳನ್ನು ಸಾಕಲಿಲ್ಲವೇ? ಅವರೂ ಬಟ್ಟೆ ಕಟ್ಟಲಿ” ಎಂದು ನಮ್ಮಲ್ಲಿ ಕೆಲವರು ಕೇಳಬಹುದು. ನನಗೂ ಮೊದಲು ಅನ್ನಿಸಿದ್ದು ಅದೇ. ಆದರೆ ಅಜ್ಜಿಗೆ ಬಾವಿಯಿತ್ತು, ಬಿಸಿಲು ಬೀಳುವ ಹಿತ್ತಲಿತ್ತು, ಕೂಸನ್ನು ಎತ್ತಿಕೊಳ್ಳಲು ಮನೆ ತುಂಬ ಜನರಿದ್ದರು. ಅಲ್ಲಿನ ಬಡ ತಾಯಿಗೆ ಬಾಡಿಗೆ ಮನೆಯಲ್ಲಿ ಒಗೆಯುವ ಯಂತ್ರವಿರುವುದಿಲ್ಲ; ದುಡ್ಡು ಕೊಟ್ಟು ಒಗೆಯುವ ಅಂಗಡಿಗಳಲ್ಲಿ ಹಲವು ಕಡೆ ಮಲದ ಬಟ್ಟೆ ಹಾಕಲು ಬಿಡುವುದಿಲ್ಲ. ಶಿಶುಪಾಲನಾ ಕೇಂದ್ರಗಳು ಸಾಮಾನ್ಯವಾಗಿ ಆ ದಿನದ ಡೈಪರುಗಳನ್ನು ತಂದುಕೊಟ್ಟರೆ ಮಾತ್ರ ಮಗುವನ್ನು ಸೇರಿಸಿಕೊಳ್ಳುತ್ತವೆ. ಡೈಪರ್ ಇಲ್ಲದಿದ್ದರೆ ಕೇಂದ್ರವಿಲ್ಲ, ಕೇಂದ್ರವಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಡೈಪರಿಗೆ ದುಡ್ಡಿಲ್ಲ. ಬಡವರ ಬದುಕನ್ನು ಹತ್ತಿರದಿಂದ ನೋಡದೆ ಉಪದೇಶ ಮಾಡುವುದು ಎಷ್ಟು ಸುಲಭ!

“ಹೀಗೆ ಕೊಡುತ್ತಾ ಹೋದರೆ ಸೋಮಾರಿತನ ಬೆಳೆಯುವುದಿಲ್ಲವೇ?” ಎಂಬ ಇನ್ನೊಂದು ಆಕ್ಷೇಪವಿದೆ. ತೂಕವಿರುವ ಪ್ರಶ್ನೆಯೇ. ದಾನವು ಪಡೆಯುವವರ ಸ್ವಂತ ಶಕ್ತಿಯನ್ನು ಕುಂದಿಸಬಾರದು. ಆದರೆ ಇಲ್ಲಿ ಪಡೆಯುವುದು ಒಂದು ಕೂಸು. ಅದು ಮಾಡಿದ ತಪ್ಪೇನು? ಒದ್ದೆಯಲ್ಲಿ ಮಲಗಿಸಿ ತಂದೆತಾಯಿಗೆ ಬುದ್ಧಿ ಕಲಿಸುತ್ತೇವೆ ಎನ್ನುವುದು ಯಾವ ನೀತಿ?

ಸಂತ ಲೂಕರ ಶುಭಸಂದೇಶವನ್ನು ನೆನೆಯಿರಿ. ಮರಿಯಮ್ಮನವರು ತಮ್ಮ ಚೊಚ್ಚಲು ಮಗನನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ದೇವದೂತ ಕುರುಬರಿಗೆ ಕೊಟ್ಟ ಗುರುತೂ ಬಟ್ಟೆ ಸುತ್ತಿದ ಆ ಕೂಸೇ. ದೇವಪುತ್ರನಿಗೂ ಒಣಗಿದ ಬಟ್ಟೆ ಬೇಕಿತ್ತು, ಅದನ್ನು ಬದಲಿಸುವ ಕೈ ಬೇಕಿತ್ತು. ಆತನು ನಮ್ಮ ಶರೀರವನ್ನು ಪಡೆದ ಮೇಲೆ ಶರೀರದ ಯಾವ ಅಗತ್ಯವೂ ನಮಗೆ ಅಸಹ್ಯವಾಗಬಾರದು.

ಬಡವರ ಅಗತ್ಯವನ್ನು ಪೂರೈಸುವಾಗ ನಾವು ಅವರದನ್ನೇ ಅವರಿಗೆ ಹಿಂದಿರುಗಿಸುತ್ತೇವೆ ಎಂಬುದು ಮಹಾ ಸಂತ ಗ್ರೆಗೋರಿಯವರ ಬೋಧನೆ. ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನದ ಹೆಸರಿನಲ್ಲಿ ಕೊಡಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಎಚ್ಚರಿಸಿತು. ಆದ್ದರಿಂದ ಡೈಪರ್ ಹಂಚಿದರಷ್ಟೇ ಸಾಲದು. ಆ ಕೊರತೆ ಹುಟ್ಟುವುದೇಕೆ ಎಂದೂ ಕೇಳಬೇಕು. 2024ರಲ್ಲಿ ಟೆನೆಸ್ಸಿ ಮತ್ತು ಡೆಲವೇರ್ ರಾಜ್ಯಗಳು ಬಡವರ ಸರ್ಕಾರಿ ಆರೋಗ್ಯ ಯೋಜನೆಯಲ್ಲೇ ಡೈಪರ್ ಕೊಡಲು ಒಪ್ಪಿಗೆ ಪಡೆದವು. ಕೊರತೆಯನ್ನು ಕಂಡು ಕೈಜೋಡಿಸಿದವರು ಮೊದಲು ಇದ್ದುದರಿಂದಲೇ ಇಂಥ ಹೆಜ್ಜೆ ಸಾಧ್ಯವಾಗುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಈ ಅಗತ್ಯ ಕೂಸುಗಳಿಗಿಂತ ಹಾಸಿಗೆ ಹಿಡಿದ ಹಿರಿಯರ ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಆ ಮನೆಗಳವರು ಪೂಜೆಯ ನಂತರ ಎಲ್ಲರೆದುರು ಬಂದು ಕೇಳಲಾರರು. ನಾವೇ ಹೋಗಬೇಕು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಒಝನಾಮ್ ಮತ್ತು ಗೆಳೆಯರು ಸಂತ ವಿನ್ಸೆಂಟ್ ದೆ ಪೌಲ್ ಸಭೆಯನ್ನು ಆರಂಭಿಸಿದಾಗ ಬಡವರ ಮನೆಗೇ ಹೋಗಿ ನೋಡುವುದನ್ನು ಮುಖ್ಯ ಸೇವೆಯಾಗಿ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಆ ತಾಯಿಯ ಮನೆಗೆ ಮರುದಿನವೇ ಬೇಕಾದದ್ದನ್ನು ಕಳುಹಿಸಿದೆವು. “ಯಾಕಮ್ಮಾ ಅವತ್ತೇ ಬಿಡಿಸಿ ಹೇಳಲಿಲ್ಲ?” ಎಂದು ಕೇಳಿದ್ದಕ್ಕೆ ಅವರು, “ನೀವು ಕೇಳಲಿಲ್ಲವಲ್ಲ ಸ್ವಾಮಿ” ಎಂದರು.

ಈ ವಾರ ನಿಮ್ಮ ನೆರೆಯ ಒಂದು ಮನೆಗೆ ಹೋಗಿ. ಕೈಯಲ್ಲಿ ಏನನ್ನೂ ಒಯ್ಯಬೇಡಿ. ಮೊದಲು ಕುಳಿತು ಕೇಳಿ.