ಬೆಳಗಿನ ಜಾವ ಯಾರದು?

ಕಳೆದ ವರ್ಷ ಸಂಕ್ರಾಂತಿ ಮುಗಿಸಿ ಊರಿನಿಂದ ಮೈಸೂರಿಗೆ ಬಂದವನೇ ಒಂದು ನೋಟ್‌ಬುಕ್ ಕೊಂಡೆ. ಮೊದಲ ಪುಟದಲ್ಲಿ 'ಬೆಳಿಗ್ಗೆ ಐದಕ್ಕೆ ಏಳುವುದು' ಎಂದು ಬರೆದು ಅಡಿಗೆರೆ ಎಳೆದೆ. ಎದ್ದ ತಕ್ಷಣ ಮೊಬೈಲ್ ಮುಟ್ಟಬಾರದು, ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ಆಮೇಲೆ ಎರಡು ಗಂಟೆ ಬರವಣಿಗೆ. ಪಿಎಚ್.ಡಿ.ಯ ನಾಲ್ಕನೇ ವರ್ಷ. ಮೂರನೇ ಅಧ್ಯಾಯ ಎಂಟು ತಿಂಗಳಿಂದ ಹನ್ನೊಂದನೇ ಪುಟ ದಾಟಿರಲಿಲ್ಲ. ಬೆಳಗು ಸರಿಹೋದರೆ ಉಳಿದದ್ದೂ ಸರಿಹೋಗುತ್ತದೆ ಎಂದು ನಂಬಿದ್ದೆ.

ಹದಿನಾಲ್ಕು ದಿನ ಟಿಕ್ ಬಿತ್ತು. ಹದಿನೈದನೆಯ ದಿನ ಕಣ್ಣು ಬಿಟ್ಟಾಗ ಎಂಟೂವರೆ. ಮೆಸ್ಸಿನಲ್ಲಿ ಏನೋ ಅಪರಾಧ ಮಾಡಿದವನ ಹಾಗೆ ತಲೆ ತಗ್ಗಿಸಿಕೊಂಡು ತಿಂಡಿ ತಿಂದೆ. ಯಾರಿಗೂ ಕೇಡು ಮಾಡಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ನಿದ್ದೆ ಮಾಡಿದ್ದೆ ಅಷ್ಟೇ. ಹಾಗಿದ್ದರೆ ಈ ನಾಚಿಕೆ ಎಲ್ಲಿಂದ ಬಂತು? ಬೇಗ ಏಳುವುದು ನಿಜಕ್ಕೂ ಒಂದು ನೈತಿಕ ಸಂಗತಿಯೇ?

ಹಾಗೆ ಕಂಡವರು ಕಡಿಮೆಯೇನಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ದಿನದ ವೇಳಾಪಟ್ಟಿಯನ್ನೇ ಕೊಟ್ಟಿದ್ದಾನೆ. ಐದಕ್ಕೆ ಏಳಬೇಕು, ಈ ದಿನ ಯಾವ ಒಳಿತು ಮಾಡಲಿ ಎಂದು ಕೇಳಿಕೊಳ್ಳಬೇಕು. ಹದಿಮೂರು ಗುಣಗಳ ಪಟ್ಟಿ ಮಾಡಿ, ತಪ್ಪಿದಾಗಲೆಲ್ಲ ಪುಸ್ತಕದಲ್ಲಿ ಚುಕ್ಕಿ ಇಡುತ್ತಿದ್ದ. ಆ ಹದಿಮೂರರಲ್ಲಿ ತನ್ನನ್ನು ಹೆಚ್ಚು ಕಾಡಿದ್ದು 'ಶಿಸ್ತು' ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಅದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.

ನಮ್ಮಲ್ಲಿ ವಾಗ್ಭಟನ 'ಅಷ್ಟಾಂಗ ಹೃದಯ'ದ ದಿನಚರ್ಯೆಯ ಅಧ್ಯಾಯ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ಮಾತಿನಿಂದಲೇ ಶುರುವಾಗುತ್ತದೆ. ಮುಹೂರ್ತವೆಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ, ಅಂದರೆ 96 ನಿಮಿಷ ಮುಂಚೆ ಅದು ಆರಂಭವಾಗುತ್ತದೆಂಬುದು ರೂಢಿಯ ಲೆಕ್ಕ. ಆದರೆ ಆ ಮಾತಿನಲ್ಲಿ ನಾವು ಬಿಟ್ಟು ಓದುವ ಒಂದು ಪದವಿದೆ: ಸ್ವಸ್ಥ. ಆರೋಗ್ಯವಾಗಿರುವವನು ಏಳಲಿ ಎಂದಿದೆಯೇ ಹೊರತು ಎಲ್ಲರೂ ಏಳಲಿ ಎಂದಿಲ್ಲ. ಅದೇ ಅಧ್ಯಾಯ ಹಲ್ಲುಜ್ಜುವುದು, ಎಣ್ಣೆ, ಸ್ನಾನಗಳನ್ನು ದಾಟಿ ಬೇರೆಯವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬಲ್ಲಿಗೆ ಬರುತ್ತದೆ. ನನ್ನ ಹಗಲು ರಾತ್ರಿಗಳು ಹೇಗೆ ಕಳೆಯುತ್ತಿವೆ, ನಾನು ಎಂಥವನಾಗುತ್ತಿದ್ದೇನೆ ಎಂದು ನೋಡಿಕೊಳ್ಳುತ್ತಿರಬೇಕು ಎಂದೂ ಹೇಳುತ್ತದೆ. ಈ ಪ್ರಶ್ನೆ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಅಭ್ಯಾಸದ ಬಗ್ಗೆ ಒಂದು ಪ್ರಯೋಗವನ್ನೂ ಓದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ್ದು. ಒಂದು ಕೆಲಸ ತಾನಾಗಿ ನಡೆಯುವಷ್ಟು ರೂಢಿಯಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಲೆಕ್ಕ ಹಾಕಿದರು. ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ಹಾಗಾದರೆ ನನ್ನ ಹದಿನೈದನೆಯ ದಿನ ಏನೂ ಅಲ್ಲ. ಆದರೂ ನೋಟ್‌ಬುಕ್ ಮತ್ತೆ ತೆರೆಯಲು ಮನಸ್ಸಾಗಲಿಲ್ಲ.

ಯುಗಾದಿಗೆ ಊರಿಗೆ ಹೋದೆ. ನಾಗಮಂಗಲದ ಹತ್ತಿರ ನಮ್ಮ ಹಳ್ಳಿ. ಅಪ್ಪ ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹತ್ತಿರ ಹೋಗಿ ನೀರು ಕಟ್ಟಿ, ಬೆಳಗಿನ ಜಾವ ಬಂದು ಮಲಗುತ್ತಾನೆ. ಅವನು ಮಲಗುವ ಹೊತ್ತಿಗೆ ಅವ್ವ ಏಳುತ್ತಾಳೆ. ನಾಲ್ಕೂವರೆಗೆ ಕೊಟ್ಟಿಗೆಯಲ್ಲಿ ದೀಪ ಉರಿಯುತ್ತಿರುತ್ತದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಹೀಗೇ.

"ಅವ್ವಾ, ದಿನಾ ಅಷ್ಟೊತ್ತಿಗೆ ನಿಂಗೆ ಹೆಂಗೆ ಎಚ್ಚರ ಆಯ್ತದೆ?" ಎಂದೆ.

"ಕೆಚ್ಲು ತುಂಬ್ಕಂಡು ಹಸ ಕೂಗ್ತಾ ಇರ್ತದೆ, ನಾ ಮನೀಕಂಡಿದ್ರೆ ಆಯ್ತದಾ? ಡೈರಿಯವ್ರು ಕಾಯ್ತಾರಾ?"

ನನ್ನ ಬೆಳಗಿಗೂ ಅವಳ ಬೆಳಗಿಗೂ ಇದ್ದ ವ್ಯತ್ಯಾಸ ಆಗ ತಿಳಿಯಿತು. ಅವಳನ್ನು ಯಾರೋ ಕರೆಯುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಅಲಾರಂ, ಅದನ್ನು ಇಟ್ಟವನೂ ನಾನೇ. ಕೆರೆಗೆ ಹೋಗುವಾಗ ಪೌರಕಾರ್ಮಿಕರು ಅರ್ಧ ರಸ್ತೆ ಗುಡಿಸಿ ಮುಗಿಸಿರುತ್ತಿದ್ದರು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಶಿಸ್ತಿನ ಮೇಲಿನ ಭಾಷಣ ಕೇಳುತ್ತ ಅವರ ಪಕ್ಕದಲ್ಲೇ ನಡೆದಿದ್ದೇನೆ. ಒಬ್ಬರ ಮುಖವೂ ನೆನಪಿಲ್ಲ. ಬೆಳಗಿನ ಜಾವ ಏಳುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ನಾವು ಹೊಗಳುವುದು ಮಾತ್ರ, ಏಳದಿದ್ದರೂ ನಡೆಯುವ ಅನುಕೂಲವಿದ್ದು ಎದ್ದವರನ್ನು.

ಇಲ್ಲಿಗೆ ನಿಲ್ಲಿಸಿ, ಅವ್ವನ ಬೆಳಗೇ ನಿಜವಾದ ಬೆಳಗು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವತ್ತು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೆ: "ಬೇಜಾರಾಗಲ್ವಾ?" ಅವಳು ಸಗಣಿ ಬಾಚುತ್ತಲೇ ಹೇಳಿದಳು: "ಒಂದ್ ದಿನ ಏಳ್ ಗಂಟೆಗಂಟ ಮನೀಕಬೇಕು ಅಂತ ಆಸೆ ಕಣ್ಲಾ."

ಅರಿಸ್ಟಾಟಲ್ 'ನಿಕೊಮೇಕಿಯನ್ ಎಥಿಕ್ಸ್'ನಲ್ಲಿ, ಗುಣಗಳು ಅಭ್ಯಾಸದಿಂದ ಬರುತ್ತವೆ ಎನ್ನುತ್ತಾನೆ. ಅದರ ಜೊತೆಗೆ, ಮಾಡುವವನು ಆ ಕೆಲಸವನ್ನು ತಿಳಿದು, ತಾನೇ ಆರಿಸಿಕೊಂಡು ಮಾಡಿರಬೇಕು ಎಂದೂ ಹೇಳುತ್ತಾನೆ. ಅವ್ವನಿಗೆ ಹಸುವಿನ ಮೇಲಿರುವ ಅಕ್ಕರೆ ಅವಳದೇ ಗುಣ. ಆದರೆ ಒಂದು ದಿನವೂ ಮಲಗಲಾಗದಿರುವುದನ್ನು ಅವಳು ಆರಿಸಿಕೊಂಡಿಲ್ಲ. ಅದನ್ನು ನಾವು ತ್ಯಾಗ ಎಂದು ಕರೆದು ಕೈಮುಗಿದರೆ ನಮಗೇ ಅನುಕೂಲ, ಏಕೆಂದರೆ ತ್ಯಾಗದಲ್ಲಿ ಪಾಲು ಕೇಳುವವರಿಲ್ಲ. ಅದನ್ನು ಕೆಲಸ ಎಂದು ಕರೆದರೆ, ಯಾರ ಪಾಲಿನ ಕೆಲಸ ಎಂದು ಕೇಳಬೇಕಾಗುತ್ತದೆ. ಒಂದಷ್ಟು ನನ್ನ ಪಾಲಿನದೂ ಆಗಿತ್ತು. ಅವಳು ಹಾಕಿದ ಹಾಲಿನ ದುಡ್ಡಿನಲ್ಲಿ ಓದಿದವನು ನಾನು.

ಮಾರನೆಯ ದಿನ ನಾಲ್ಕೂಕಾಲಿಗೆ ಎದ್ದೆ. ಪಿಯುಸಿಯವರೆಗೆ ಹಾಲು ಕರೆದು ಗೊತ್ತಿತ್ತು, ಆದರೆ ಕೈ ಮರೆತಿತ್ತು. ಹಸುವೂ ನನ್ನನ್ನು ಒಪ್ಪಲಿಲ್ಲ. ಹತ್ತು ನಿಮಿಷದಲ್ಲಿ ಅವ್ವ ಹಿಂದೆ ಬಂದು ನಿಂತಿದ್ದಳು. ಮಲಗು ಎಂದರೆ ಅವಳಿಗೆ ಎಚ್ಚರವಾಗಿಬಿಟ್ಟಿತ್ತು; ರೂಢಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎರಡನೆಯ ದಿನ ಅರ್ಧ ನಾನು ಕರೆದೆ, ಅರ್ಧ ಅವಳು. ಮೂರನೆಯ ದಿನ ಪೂರ್ತಿ ಕರೆದು, ಕ್ಯಾನು ಹಿಡಿದು ಡೈರಿಗೆ ಹೋಗಿ ಬಂದೆ. ಅವ್ವ ಆರೂಕಾಲರವರೆಗೆ ಮಲಗಿದ್ದಳು.

ಹೊಸ ದೃಷ್ಟಿ ಎಂದರೆ ಮನಸ್ಸಿನಲ್ಲಿ ಉಲ್ಲಾಸ ತುಂಬಿಕೊಳ್ಳುವುದು ಎಂದುಕೊಂಡಿದ್ದೆ. ನನ್ನ ಮಟ್ಟಿಗೆ ಅದು, ನಾನು ಏಳುವ ಮೊದಲೇ ಎದ್ದಿರುವವರು ಕಣ್ಣಿಗೆ ಬೀಳುವುದು ಎಂದಾಗಿದೆ. ಈಗ ಮೈಸೂರಿನಲ್ಲಿ ಆರಕ್ಕೆ ಏಳುತ್ತೇನೆ, ಕೆಲವು ದಿನ ಏಳಕ್ಕೆ. ನಾಚಿಕೆಯಾಗುವುದಿಲ್ಲ. ತಿಂಗಳಲ್ಲಿ ಎರಡು ಶನಿವಾರ ಊರಿಗೆ ಹೋಗುತ್ತೇನೆ. ಎರಡು ಭಾನುವಾರದ ಬೆಳಗು ಏನೇನೂ ಸಾಲದು ಎಂಬುದು ಗೊತ್ತಿದೆ. ಉಳಿದ ಇಪ್ಪತ್ತೆಂಟು ದಿನ ಏನು ಮಾಡುವುದೆಂಬ ಮಾತು ಮನೆಯಲ್ಲಿ ಈಗ ಶುರುವಾಗಿದೆ. ಮೂರನೇ ಅಧ್ಯಾಯ ಇಪ್ಪತ್ತಾರನೇ ಪುಟದಲ್ಲಿದೆ.