ನಾಳೆಯ ಅಕ್ಕಿ

ದೇವರಲ್ಲಿ ಪೂರ್ಣವಾದ ಭರವಸೆಯುಳ್ಳ ಗೃಹಸ್ಥನು ನಾಳೆಗೆಂದು ಅಕ್ಕಿಯನ್ನು ಕೂಡಿಡಬಹುದೇ ಎಂಬ ಪ್ರಶ್ನೆಯು ಕೇಳುವುದಕ್ಕೆ ಬಹು ಸರಳವಾಗಿ ತೋರುವುದಾದರೂ, ಅದಕ್ಕೆ ಉತ್ತರವೀಯಲು ಹೊರಟವರಲ್ಲಿ ಅನೇಕರು ಒಂದೋ ಸಂಸಾರವನ್ನು ಇಲ್ಲವೇ ಶ್ರದ್ಧೆಯನ್ನು ಸ್ವಲ್ಪ ಹಗುರಮಾಡಿಕೊಂಡೇ ಉತ್ತರವಿತ್ತಿರುವರು. ಅರಣ್ಯದಲ್ಲಿ ಕುಳಿತು ಕೇಳಿದರೆ ಅದಕ್ಕೆ ದೊರೆಯುವ ಸಮಾಧಾನವೊಂದು; ಮಳೆಗಾಲದ ಆಟಿ ತಿಂಗಳ ನಡುವಿನಲ್ಲಿ, ಮಂಗಳೂರಿನ ಒಂದು ಹೆಂಚಿನ ಮನೆಯೊಳಗೆ, ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪಾದ ಗೃಹಿಣಿಯ ಬಳಿಯಲ್ಲಿ ನಿಂತು ಕೇಳಿದರೆ ದೊರೆಯುವುದು ಇನ್ನೊಂದು. ನಾನು ಈ ಎರಡನೆಯ ಸಮಾಧಾನದ ಪಕ್ಷದವನು. ಅದು ಮೊದಲನೆಯದಕ್ಕಿಂತ ಕಡಿಮೆ ಆಧ್ಯಾತ್ಮಿಕವಾದುದೆಂದು ನನಗೆ ಎಂದೂ ತೋರಿಲ್ಲ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನಿಗೆ ಇಬ್ಬರು ಪತ್ನಿಯರು. ಮನೆಯನ್ನು ತೊರೆದು ಹೊರಡುವ ಮುನ್ನ ಇದ್ದುದನ್ನು ಇಬ್ಬರಿಗೂ ಹಂಚಿಕೊಡುವೆನೆಂದ ಪತಿಯನ್ನು, ಭೂಮಂಡಲವೆಲ್ಲ ಧನದಿಂದ ತುಂಬಿ ತನ್ನದಾದರೂ ಅದರಿಂದ ತಾನು ಅಮೃತಳಾಗುವೆನೇ ಎಂದು ಕೇಳಿದ ಮೈತ್ರೇಯಿಯ ಹೆಸರು ಇಂದಿಗೂ ನಮ್ಮ ಹೆಣ್ಣುಮಕ್ಕಳಿಗೆ ಸಲ್ಲುತ್ತಿದೆ. ಇನ್ನೊಬ್ಬಳು ಕಾತ್ಯಾಯನಿ. ಅವಳಿಗೆ ಹೆಂಗಸರಿಗೆ ಸಹಜವಾದ ತಿಳಿವಳಿಕೆಯಷ್ಟೆ ಇತ್ತೆಂದು ಹೇಳಿ ಉಪನಿಷತ್ತು ಮುಂದಕ್ಕೆ ಸಾಗುವುದು. ಆ ಮಹಾಸಂವಾದದಲ್ಲಿ ಆಕೆ ಒಂದು ಮಾತನ್ನೂ ಆಡುವುದಿಲ್ಲ. ಮೈತ್ರೇಯಿಗೆ ನಮಸ್ಕರಿಸಿದ ಬಳಿಕವೂ ನನ್ನ ಮನಸ್ಸು ಆ ಮೌನಿಯ ಕಡೆಗೇ ತಿರುಗುತ್ತದೆ. ಆತ್ಮದ ವಿಚಾರ ನಡೆಯುತ್ತಿದ್ದ ಆ ಹೊತ್ತಿನಲ್ಲಿ ಆಶ್ರಮದ ಧಾನ್ಯದ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವರು ಯಾರು? ಬಂದ ಅತಿಥಿಗೆ ಅನ್ನವಿಲ್ಲವೆಂಬ ಮಾತು ಆ ಮನೆಯಲ್ಲಿ ಹುಟ್ಟದಂತೆ ನೋಡಿಕೊಂಡವರು ಯಾರು? ಅದೂ ಒಂದು ಪ್ರಜ್ಞೆಯೇ ಆಗಿರಬೇಕು.

ಕನ್ನಡ ನಾಡಿನಲ್ಲಿ ಈ ವಿಷಯಕ್ಕೆ ಇನ್ನೂ ಹತ್ತಿರವಾದ ದಾಂಪತ್ಯವೊಂದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕವು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದ ದಂಪತಿಗಳು ಜಂಗಮದಾಸೋಹವನ್ನು ನಡೆಯಿಸುತ್ತಿದ್ದರು. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿಯಾದ ಲಕ್ಕಮ್ಮನು, ಈ ಆಸೆ ನಿಮಗೆ ಎಲ್ಲಿಂದ ಬಂದಿತೆಂಬ ಭಾವದಿಂದ ಪ್ರಶ್ನಿಸಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾದ ಕಥೆ. ಪತಿಯ ಕೈಚೀಲದ ತೂಕವನ್ನು ಕಂಡೇ ಅವನ ಮನಸ್ಸಿನ ತೂಕವನ್ನು ತಿಳಿದ ಈ ಹೆಣ್ಣುಮಗಳನ್ನು ಶರಣಪರಂಪರೆಯು ಪತಿಯ ಗುರುವಿನ ಸ್ಥಾನದಲ್ಲಿಯೇ ಇರಿಸಿ ಗೌರವಿಸಿದೆ. ನಾಳೆಗೆ ಕೂಡಿಡುವುದು ಶಿವನಲ್ಲಿ ಅವಿಶ್ವಾಸವೆಂಬುದಕ್ಕೆ ಈ ಕಥೆಯನ್ನು ನಿದರ್ಶನವಾಗಿ ಹೇಳುವುದುಂಟು. ಅದೇ ರೀತಿಯಲ್ಲಿ ನಮ್ಮ ಊರಿನ ಕ್ರೈಸ್ತ ಬಂಧುಗಳು, ಬಿತ್ತದೆ ಕೊಯ್ಯದೆ ಕಣಜವನ್ನು ತುಂಬದೆ ಬದುಕುವ ಹಕ್ಕಿಗಳನ್ನು ನೋಡಿರೆಂದ ಯೇಸುವಿನ ಬೋಧನೆಯನ್ನು ಸ್ಮರಿಸುತ್ತಾರೆ. ಎರಡೂ ದೊಡ್ಡ ಮಾತುಗಳೇ. ಆದರೆ ಅವುಗಳನ್ನು ಹೊತ್ತುಕೊಂಡು ಆಟಿಯ ಮನೆಯೊಳಗೆ ಹೊಗಬೇಕಷ್ಟೆ.

ಆಟಿಯೆಂದರೆ ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ವರ್ಷಕ್ಕೆ ೩೫೦೦ ಮಿಲ್ಲಿಮೀಟರನ್ನು ಮೀರಿ ಸುರಿಯುವ ಈ ಊರಿನ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೇ ಬಂದುಹೋಗುವುದು. ಹಿಂದೆ ಈ ತಿಂಗಳಲ್ಲಿ ಗದ್ದೆಯಲ್ಲಿ ನಾಟಿ ಮುಗಿದು ಕೂಲಿಯಿಲ್ಲ, ಕಡಲು ಕೆರಳಿ ದೋಣಿಯಿಳಿಯುವಂತಿಲ್ಲ, ಹೊಳೆ ಉಕ್ಕಿ ದಾಟುವಂತಿಲ್ಲ, ಕಳೆದ ಬೆಳೆಯ ಭತ್ತ ತೀರುತ್ತ ಬಂದಿದೆ, ಮುಂದಿನದು ಇನ್ನೂ ಹಸುರು. ಬಸವಣ್ಣನವರ ಅಂಗಳದಲ್ಲಿ ಪ್ರತಿದಿನ ಆಯಲು ಅಕ್ಕಿಯಿತ್ತು; ತುಳುನಾಡಿನ ಅಂಗಳದಲ್ಲಿ ಆಟಿಯಲ್ಲಿ ಇರುತ್ತಿದ್ದುದು ನೀರು ಮಾತ್ರ. ಆದುದರಿಂದ ಇಲ್ಲಿಯ ಗೃಹಿಣಿಯು ಬೇಸಗೆಯಲ್ಲಿಯೇ ಮಳೆಗಾಲದ ಸಂಸಾರವನ್ನು ಆರಂಭಿಸುತ್ತಿದ್ದಳು. ಹಲಸಿನ ಸೊಳೆ ಉಪ್ಪುನೀರಿನ ಭರಣಿಗೆ ಇಳಿಯುತ್ತಿತ್ತು. ಹಲಸಿನ ಬೀಜ ಉಪ್ಪಿನಲ್ಲಿ ಬೆಂದು ಬಿಸಿಲಿನಲ್ಲಿ ಕಲ್ಲಾಗಿ ಸಾಂತಾಣಿಯೆನಿಸುತ್ತಿತ್ತು. ಹಪ್ಪಳ, ಮಾವಿನ ಮಿಡಿ, ಹುಳಿ, ಮೀನು ತಿನ್ನುವವರ ಮನೆಯಲ್ಲಿ ಒಣಮೀನು. ಇವೆಲ್ಲಕ್ಕಿಂತ ಮಿಗಿಲಾದುದು ಅಕ್ಕಿಯ ಮುಡಿ. ಬೈಹುಲ್ಲನ್ನು ಹರಡಿ, ನಡುವೆ ಕುಚ್ಚಲಕ್ಕಿಯನ್ನು ಸುರಿದು, ಹುಲ್ಲನ್ನು ಮೇಲೆತ್ತಿ, ಬೈಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು, ಬಡಿದು ಬಡಿದು ದುಂಡಗೆ ಮಾಡುವ ಆ ಕೆಲಸದಲ್ಲಿ, ಒಬ್ಬರು ಬಿಗಿಯುವಾಗ ಇನ್ನೊಬ್ಬರು ಒತ್ತಿ ಹಿಡಿಯಬೇಕು. ಮೂರು ಕಳಸೆ, ಎಂದರೆ ೪೨ ಸೇರು, ಒಂದು ಮುಡಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯ ಬಿಸುಪಿನಲ್ಲಿ ಅದು ಹುಳುಹಿಡಿಯದೆ ಮಳೆಗಾಲವನ್ನು ಕಳೆಯುವುದು. ಗಂಡಹೆಂಡಿರು ಎದುರುಬದುರಾಗಿ ಕುಳಿತು ಮುಡಿ ಕಟ್ಟುವಾಗ ಯಾವ ಮಂತ್ರವನ್ನೂ ಹೇಳುವುದಿಲ್ಲ; ಆದರೂ ಅವರು ಕಾಣದ ತಿಂಗಳೊಂದರ ಹಸಿವನ್ನು ಜೊತೆಯಾಗಿ ಮುಂಗಂಡು, ಆ ತಿಂಗಳಿನಲ್ಲಿಯೂ ನಾವಿಬ್ಬರೂ ಇದೇ ಒಲೆಯ ಮುಂದೆ ಇರುವೆವೆಂದು ನಂಬಿದವರಾಗಿರುತ್ತಾರೆ. ಸಪ್ತಪದಿಯಲ್ಲಿ ಮೊದಲ ಹೆಜ್ಜೆಯನ್ನು ಅನ್ನಕ್ಕಾಗಿಯೇ ಇಡುವ ಧರ್ಮಕ್ಕೆ ಇದು ಹೊರಗಿನದಾಗಲಾರದು.

ಲಕ್ಕಮ್ಮನ ಮಾತಿಗೂ ಈ ಮುಡಿಗೂ ವಿರೋಧವಿದೆಯೆಂದು ನಾನು ತಿಳಿಯೆನು. ಆಕೆ ಹಿಂದಕ್ಕೆ ಕಳುಹಿಸಿದ್ದು ತಮ್ಮ ಕಾಯಕಕ್ಕೂ ದಾಸೋಹಕ್ಕೂ ಮೀರಿ ಬಂದ ಅಕ್ಕಿಯನ್ನು, ಇನ್ನೊಬ್ಬರ ಪಾಲಿನದಾಗಿರಬಹುದಾದ ಅಕ್ಕಿಯನ್ನು. ದುಡಿದು, ಸಾಕಷ್ಟನ್ನು ಅಳೆದು, ತಿಂಗಳು ಕಳೆಯಲೆಂದು ಕಟ್ಟಿಟ್ಟುದರಲ್ಲಿ ದೋಷವನ್ನು ಆಕೆ ಕಾಣುತ್ತಿದ್ದಳೆನ್ನಲಾರೆ. ಅಳತೆ ತಪ್ಪಿದ ಕ್ಷಣವನ್ನು ಮಾತ್ರ ಥಟ್ಟನೆ ಗುರುತಿಸುತ್ತಿದ್ದಳು. ಆ ಕ್ಷಣವನ್ನು ಗುರುತಿಸಲು ಮನೆಯಲ್ಲಿ ಎರಡನೆಯ ಕಣ್ಣೊಂದು ಬೇಕು. ಏಕಾಕಿಯಾದ ಮನುಷ್ಯನು ತನ್ನ ಲೋಭವನ್ನು ಜಾಗರೂಕತೆಯೆಂದೂ, ತನ್ನ ಸೋಮಾರಿತನವನ್ನು ದೈವದ ಮೇಲಿನ ಭಾರವೆಂದೂ ಬಹುಕಾಲ ನಂಬಿಕೊಂಡಿರಬಲ್ಲನು. ವಿವಾಹಿತನಿಗೆ ಈ ಸೌಕರ್ಯವಿಲ್ಲ. ಗೃಹಸ್ಥಾಶ್ರಮವು ಒಂದು ಆಶ್ರಮವೆನಿಸಿಕೊಂಡಿರುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಆಟಿಯ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಹೊರಟು ಹಾಲೆಯ ಮರದ ತೊಗಟೆಯನ್ನು, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತರುತ್ತಾನೆ. ತುಳುವಿನಲ್ಲಿ ಅದು ಪಾಲೆ. ಹೆಂಡತಿಯು ಅದನ್ನು ಕರಿಮೆಣಸು ಬೆಳ್ಳುಳ್ಳಿಗಳೊಡನೆ ಅರೆದು, ಹಿಂಡಿ, ಬರಿಹೊಟ್ಟೆಯಲ್ಲಿ ಮನೆಮಂದಿಗೆಲ್ಲ ಕುಡಿಸಿ, ಆ ಕಹಿಯ ಉಷ್ಣ ಇಳಿಯಲೆಂದು ಮೆಂತೆಯ ಗಂಜಿಯನ್ನು ಬಡಿಸುತ್ತಾಳೆ. ಆ ದಿನ ಆ ಮರದಲ್ಲಿ ಸಕಲ ಔಷಧಿಗಳ ಸತ್ತ್ವವೂ ನೆಲೆಸಿರುವುದೆಂಬುದು ಹಿರಿಯರ ನಂಬಿಕೆ. ಆದರೆ ಆ ನಂಬಿಕೆಯು ಮರವನ್ನು ಗುರುತಿಸುವ ಹೊಣೆಯಿಂದ ಯಾರನ್ನೂ ಬಿಡಿಸಿಲ್ಲ. ಕತ್ತಲಲ್ಲಿ ಹಾಲೆಯೆಂದು ತಿಳಿದು ಕಾಸರಕದ ತೊಗಟೆಯನ್ನು ತಂದರೆ ಅದು ವಿಷ. ಅಂತಹ ಪ್ರಮಾದದಿಂದ ಪ್ರಾಣಾಪಾಯವಾದುದೂ ಉಂಟು. ಅದಕ್ಕಾಗಿಯೇ ಬಲ್ಲವರು ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ಗುರುತುಮಾಡಿ ಬರುವರು. ಹೆಂಡತಿ ಮಕ್ಕಳು ಪ್ರಶ್ನಿಸದೆ ಕುಡಿಯುವ ಆ ಬಟ್ಟಲಿನಲ್ಲಿ ದೇವರ ಮೇಲಿನ ವಿಶ್ವಾಸವೂ ಮನೆಯ ಯಜಮಾನನ ಮರದ ಪರಿಚಯದ ಮೇಲಿನ ವಿಶ್ವಾಸವೂ ಕಲೆತುಹೋಗಿವೆ; ಒಂದನ್ನು ತೆಗೆದು ಇನ್ನೊಂದನ್ನು ಕುಡಿಯಲಾಗದು.

ಇದೇ ತಿಂಗಳಿನಲ್ಲಿ ನವವಿವಾಹಿತೆಯನ್ನು ತವರಿಗೆ ಕಳುಹಿಸುವ ರೂಢಿಯೊಂದಿದೆ; ಆಟಿ ಕುಳ್ಳುವುದೆಂದು ಅದನ್ನು ಕರೆಯುವರು. ಆಟಿ ಅಶುಭವೆಂಬುದು ಅದಕ್ಕೆ ಹೇಳುವ ಕಾರಣ. ನನಗಾದರೋ, ಹೊಸ ಮನೆಯಲ್ಲಿ ಸಂಕೋಚದಿಂದ ಅರ್ಧ ಹೊಟ್ಟೆಯಲ್ಲೇ ಏಳುವ ಹುಡುಗಿಯು ಅತಿ ಬಡತನದ ತಿಂಗಳಿನಲ್ಲಾದರೂ ತಾಯಿಯ ಕೈಯಿಂದ ಉಣ್ಣಲೆಂಬ ಕನಿಕರವೇ ಅದರ ಒಳಗಿದ್ದಂತೆ ತೋರುತ್ತದೆ. ಮುಂದಿನ ತಿಂಗಳಾದ ಸೋಣ ಹುಟ್ಟಿದಾಗ ಆಕೆ ಗಂಡನ ಮನೆಗೆ ಮರಳುವಳು.

ಅಟ್ಟದ ಅಕ್ಕಿ ಶ್ರದ್ಧೆಯೋ ಲೋಭವೋ ಎಂಬುದು ತೀರ್ಮಾನವಾಗುತ್ತಿದ್ದುದು ಆಟಿ ಕಳಂಜ ಅಂಗಳಕ್ಕೆ ಬಂದ ದಿನ. ಎಳೆಯ ತೆಂಗಿನ ಗರಿಯ ಉಡುಗೆಯುಟ್ಟು, ಕಾಲಿಗೆ ಗಗ್ಗರ ಕಟ್ಟಿ, ಸಿಂಗರಿಸಿದ ಓಲೆಗೊಡೆಯನ್ನು ತಿರುಗಿಸುತ್ತ, ತೆಂಬರೆಯೆಂಬ ಸಣ್ಣ ಚರ್ಮವಾದ್ಯದ ಲಯಕ್ಕೆ ಕುಣಿಯುವ ನಲಿಕೆ ಜನಾಂಗದ ಈ ವೇಷಧಾರಿಯು ಊರಿನ ರೋಗರುಜಿನಗಳನ್ನು ಹೊರಗಟ್ಟಲು ಬಂದವನೆಂದು ಜನರ ನಂಬಿಕೆ. ಮನೆಯಾಕೆಯು ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಸಿನ, ಇದ್ದಿಲುಗಳನ್ನು ತಂದು ಸಲ್ಲಿಸಬೇಕು. ಸುಗ್ಗಿಯಲ್ಲಿ ಕಣಜ ತುಂಬಿದಾಗ ಕೊಡುವುದು ಸುಲಭ. ಮುಡಿಯ ಹಗ್ಗ ಸಡಿಲಿ ಅಕ್ಕಿ ತಳಹಿಡಿದಿರುವಾಗ, ಮಳೆ ನಿಲ್ಲುವುದೆಂಬ ಭರವಸೆಯಿದ್ದರೂ ಎಂದು ನಿಲ್ಲುವುದೆಂಬ ನಿಶ್ಚಯವಿಲ್ಲದಿರುವಾಗ ಅದರಿಂದ ಸೇರನ್ನು ತೆಗೆದು ಹೊರಗೆ ತರುವ ಕೈಯನ್ನು ನೋಡಬೇಕು. ಎಷ್ಟು ಹಾಕಲಿ ಎಂದು ಆಕೆ ಒಳಗಿನಿಂದ ಕೇಳುವುದೂ, ತುಂಬ ಹಾಕು ಎಂದು ಆತ ಜಗಲಿಯಿಂದ ಹೇಳುವುದೂ, ಒಮ್ಮೊಮ್ಮೆ ಇದು ತಿರುವುಮುರುವಾಗಿ ಆತ ಹಿಂಜರಿದಾಗ ಆಕೆಯೇ ಗೆರಸೆಯನ್ನು ತುಂಬಿ ತರುವುದೂ, ಇವು ಯಾವ ಧರ್ಮಗ್ರಂಥವೂ ಬರೆದಿಡದ ಗೃಹಸ್ಥಧರ್ಮದ ಸಂವಾದಗಳು.

ಇಲ್ಲಿ ಇನ್ನೊಂದು ಮಾತನ್ನು ಮರೆಸಬಾರದು. ಊರಿನ ಮಾರಿಯನ್ನು ತನ್ನ ಮೈಮೇಲೆ ಹೊತ್ತುಕೊಂಡು ಹೋಗುತ್ತಿದ್ದ ಆ ಮನುಷ್ಯನ ಗುಡಿಸಲಿನಲ್ಲಿ ಮುಡಿಯೂ ಇರಲಿಲ್ಲ, ಅಟ್ಟವೂ ಇರಲಿಲ್ಲ. ಅವನ ಕುಣಿತದಿಂದ ಶುದ್ಧವಾದ ಮನೆಯ ಹೊಸ್ತಿಲನ್ನು ದಾಟುವ ಅಧಿಕಾರವನ್ನು ಅವನಿಗೆ ಯಾರೂ ಕೊಡಲಿಲ್ಲ. ಅವನ ಹೆಂಡತಿಯೂ ಯಾವುದೋ ಒಲೆಯ ಮುಂದೆ ಅವನ ಜೋಳಿಗೆಯ ದಾರಿಯನ್ನೇ ಕಾಯುತ್ತಿದ್ದಳು. ಆದುದರಿಂದ ಗೆರಸೆಯಲ್ಲಿ ತಂದದ್ದು ದಾನವೆಂದು ನಾನು ಒಪ್ಪಲಾರೆ. ಅದು ಸಲ್ಲಬೇಕಾದುದರಲ್ಲಿ ಒಂದು ಸಣ್ಣ ಭಾಗ ಮಾತ್ರ.

ಸೋಣ ಬಂದರೆ ಊರಿನ ಮುಖವೇ ಬೇರೆ. ಕೊಂಕಣಿ ಮಾತನಾಡುವ ಗೌಡ ಸಾರಸ್ವತರ ಮನೆಗಳಲ್ಲಿ ಶ್ರಾವಣದ ಶುಕ್ರವಾರ ಭಾನುವಾರಗಳಂದು ಸುವಾಸಿನಿಯರು ಗರಿಕೆಯನ್ನೂ ರತ್ನಗಂಧಿ ಮೊದಲಾದ ಹೂಗಳನ್ನೂ ಬಾಳೆನಾರಿನಿಂದ ಕಟ್ಟಿ ಚೂಡಿ ಮಾಡಿ, ತುಳಸಿಯನ್ನೂ ಹೊಸ್ತಿಲನ್ನೂ ಪೂಜಿಸಿ, ಪತಿಗೂ ಹಿರಿಯರಿಗೂ ಕೊಟ್ಟು ನಮಸ್ಕರಿಸುತ್ತಾರೆ. ಸೆಪ್ಟೆಂಬರ್ ೮ರಂದು ಕ್ರೈಸ್ತರ ಮೋಂತಿ ಹಬ್ಬ. ೧೭೬೩ರಲ್ಲಿ ಫರಂಗಿಪೇಟೆಯ ಮೋಂತೆ ಮರಿಯಾನೊದಲ್ಲಿ ಜೋಕಿಂ ಮಿರಾಂದರೆಂಬ ಪಾದ್ರಿಯವರು ಆರಂಭಿಸಿದರೆನ್ನಲಾದ ಈ ಮಾತೆ ಮೇರಿಯ ಜನ್ಮೋತ್ಸವದಲ್ಲಿ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ, ಮನೆಗೆ ತಂದು, ಅದರ ಕಾಳನ್ನು ಪುಡಿಮಾಡಿ ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಎಲ್ಲರೂ ಒಟ್ಟಿಗೆ ಸೇವಿಸುವರು. ದೂರದೂರುಗಳಲ್ಲಿರುವ ಮಗಳಿಗೆ ಚೂಡಿಯನ್ನೂ, ಕೊಲ್ಲಿ ರಾಷ್ಟ್ರದಲ್ಲಿರುವ ಮಗನಿಗೆ ತೆನೆಯ ಕಾಳುಗಳನ್ನೂ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ಈ ಎರಡು ಮನೆಗಳಿಗೂ ಸಮಾನವಾದ ಪದ್ಧತಿ. ಹಕ್ಕಿಗಳ ದೃಷ್ಟಾಂತವನ್ನು ಕೇಳಿದ ಮನೆಯೇ ನಾಲ್ಕು ಕಾಳನ್ನು ಎತ್ತಿಟ್ಟು ಕಳುಹಿಸುತ್ತದೆ. ಇದರಲ್ಲಿ ನನಗೆ ಅಸಂಗತವೇನೂ ಕಾಣದು.

ಈ ಊರಿನ ಅಟ್ಟವು ಇಪ್ಪತ್ತನೆಯ ಶತಮಾನದಲ್ಲಿ ಬ್ಯಾಂಕಾಯಿತು. ಅಮ್ಮೆಂಬಳ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಕಟ್ಟಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾದುದು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೩೧ರಲ್ಲಿ ವಿಜಯಾ ಬ್ಯಾಂಕು ಇದೇ ನಗರದಲ್ಲಿ ಹುಟ್ಟಿದವು. ನಾಳೆಗಾಗಿ ಕೂಡಿಡಿರೆಂದು ಕಲಿಸಿದ ಅದೇ ಸುಬ್ಬರಾವ್ ಪೈಗಳು ಅದಕ್ಕೆ ಮುನ್ನ, ೧೮೯೪ರಲ್ಲಿಯೇ, ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದವರೆಂಬುದನ್ನು ನಾನು ಎರಡು ಬೇರೆ ಸಂಗತಿಗಳೆಂದು ಎಣಿಸೆನು.

ಇಂದು ಮುಡಿ ಕಟ್ಟುವವರು ವಿರಳ. ಅಕ್ಕಿ ವರ್ಷವಿಡೀ ಅಂಗಡಿಯಲ್ಲಿದೆ. ಆದರೆ ಆಟಿ ಮನೆಯನ್ನು ಬಿಟ್ಟುಹೋಗಿಲ್ಲ. ಮನೆಸಾಲದ ಕಂತು, ದುಬೈಯಲ್ಲಿರುವ ಗಂಡನ ಕೆಲಸದ ಕರಾರು, ವೈದ್ಯರ ಉತ್ತರಕ್ಕಾಗಿ ಕಾಯುವ ದಂಪತಿಗಳ ಮೌನ, ಹುಟ್ಟಲಿರುವ ಮಗು, ಇವೆಲ್ಲವೂ ಬಹುಮಹಡಿಯ ಮನೆಗಳೊಳಗಿನ ಆಟಿಗಳೇ. ಕಳಂಜನು ಈಗ ಹೆಚ್ಚಾಗಿ ಸಭಾಭವನಗಳಲ್ಲಿ, ಆಟಿಡೊಂಜಿ ದಿನವೆಂಬ ಸಮಾರಂಭದ ವೇದಿಕೆಯ ಮೇಲೆ, ಪತ್ರೊಡೆಯ ಊಟಕ್ಕೆ ಮೊದಲು ಕಾಣಸಿಗುತ್ತಾನೆ. ಆದರೂ ಕೆಲವು ಬೀದಿಗಳಲ್ಲಿ ತೆಂಬರೆಯ ಸದ್ದು ಇನ್ನೂ ಕೇಳಿಬರುವುದುಂಟು. ಈ ವರ್ಷ ಅದು ನಿಮ್ಮ ಗೇಟಿನ ಬಳಿಗೆ ಬಂದರೆ, ಓದುಗರೇ, ಕಾವಲುಗಾರನ ಕೈಯಲ್ಲಿ ಹತ್ತು ರೂಪಾಯಿ ಕೊಟ್ಟು ಕಳುಹಿಸಬೇಡಿರಿ. ಗಂಡಹೆಂಡಿರಿಬ್ಬರೂ ಕೆಳಗಿಳಿದು ಬನ್ನಿರಿ. ಡಬ್ಬಿಯಿಂದ ಅಕ್ಕಿಯನ್ನು ನೀವೇ ಅಳೆದು ತನ್ನಿರಿ. ಆತನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕುಳ್ಳಿರಿಸಿ ಒಂದು ಲೋಟ ಬಿಸಿ ಕಾಫಿಯನ್ನೂ ಕೊಡಿರಿ.