ಇನ್ನ ಸ್ವಲ್ಪ ದಿನಾ ನಡೀತೈತಿ

ಹುನಗುಂದದ ಎರೆಹೊಲಗಳಲ್ಲಿ ಕಡಲೆ, ಬಿಳಿಜೋಳದ ಸುಗ್ಗಿ ಶುರುವಾದರೆ ಹಳ್ಳಿಯ ರಸ್ತೆಗಳೇ ಕಣವಾಗುತ್ತವೆ. ತಿರುವು ದಾಟಿದ ಕೂಡಲೇ ಡಾಂಬರಿನ ಮೇಲೆ ಹರವಿದ ಕಡಲೆ ಗಿಡ, ಅದರ ಅಂಚಿಗೆ ರಸ್ತೆಗೆ ಬೆನ್ನು ಮಾಡಿ ಕುಳಿತ ಹೆಣ್ಣುಮಗಳು. ಮುಂದೆ ಹೋದರೆ ರಸ್ತೆ ತುಂಬ ಕುರಿಹಿಂಡು. ಬಾಗಲಕೋಟೆ ಜಿಲ್ಲೆಯಲ್ಲಿ ಕಾರು ಓಡಿಸುವವನಿಗೆ ವೇಗ ಕಲಿಯುವುದಕ್ಕಿಂತ ನಿಲ್ಲಿಸುವುದನ್ನು ಕಲಿಯುವುದೇ ದೊಡ್ಡದು. ಹಾಗಿದ್ದೂ ಬ್ರೇಕಿನ ಬಗ್ಗೆ ನಾವು ಯೋಚಿಸುವುದು ಅದು ಕೂಗಿದಾಗ ಮಾತ್ರ.

ಇಳಕಲ್ಲಿನ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಒಮ್ಮೆ ಮೇಸ್ತ್ರಿ ಮುಂದಿನ ಗಾಲಿ ಬಿಚ್ಚಿ ಎರಡು ಪ್ಯಾಡುಗಳನ್ನು ಅಂಗೈ ಮೇಲಿಟ್ಟು ತೋರಿಸಿದರು. ಹೊರಗಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಒಳಗಿನದು ಕಬ್ಬಿಣದ ತಗಡಿಗೆ ಅಂಟಿದ ಕಪ್ಪು ಪದರವಷ್ಟೇ ಆಗಿತ್ತು. ಕ್ಯಾಲಿಪರ್ ಪಿನ್ನಿನಲ್ಲಿ ಧೂಳು ಕೂತು ಬಿಗಿದಿದ್ದರಿಂದ ಒಂದೇ ಪ್ಯಾಡು ಭಾರವನ್ನೆಲ್ಲ ಹೊತ್ತು ಸವೆದಿತ್ತು. ಕಾರಿನ ಯಜಮಾನರು ಕೇಳಿದರು: “ಇನ್ನ ಸ್ವಲ್ಪ ದಿನಾ ನಡೀತೈತೇನು?”

“ಓಡೂದು ಓಡ್ತೈತ್ರಿ ಸರ. ನಿಲ್ಲಬೇಕಲ್ಲಾ?”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ‘ಇನ್ನ ಸ್ವಲ್ಪ ದಿನಾ’ ಎನ್ನುವವರನ್ನು ಜಿಪುಣರೆಂದು ಬೈಯಲು ನನಗೆ ಮನಸ್ಸಿಲ್ಲ. ಮಳೆ ಎರಡು ವರ್ಷ ಬಂದು ಒಂದು ವರ್ಷ ಕೈಕೊಡುವ ಸೀಮೆ ಇದು. ಇದ್ದದ್ದನ್ನು ಪೂರ್ತಿ ಬಳಸುವುದು ಇಲ್ಲಿ ಗುಣ. ಹರಿದ ಚೀಲಕ್ಕೆ ಹೊಲಿಗೆ ಬೀಳುತ್ತದೆ, ಹಳೆಯ ಟೈರು ಬಾವಿಕಟ್ಟೆಯ ಬಳಿ ಇನ್ನೊಂದು ಕೆಲಸಕ್ಕೆ ಬರುತ್ತದೆ. ಆದರೆ ಚೀಲ ಹರಿದರೆ ಚೆಲ್ಲುವುದು ನಮ್ಮ ಕಾಳು. ಬ್ರೇಕ್ ಪ್ಯಾಡು ಮುಗಿದರೆ ಕಷ್ಟ ಬೀಳುವುದು ರಸ್ತೆಗೆ ಬೆನ್ನು ಮಾಡಿ ಕುಳಿತ ಆ ಹೆಣ್ಣುಮಗಳಿಗೆ. ‘ಇನ್ನ ಸ್ವಲ್ಪ ದಿನ ನಡೆಸಲೇನವ್ವಾ?’ ಎಂದು ಆಕೆಯನ್ನು ಯಾರೂ ಕೇಳಿರುವುದಿಲ್ಲ.

ಹೊಸ ಪ್ಯಾಡಿನ ಮೇಲೆ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪದ ಘರ್ಷಣೆಯ ಪದರ ಇರುತ್ತದೆ. ಅದು 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸುವ ಕಾಲ ಬಂತು. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಹತ್ತಿರಹತ್ತಿರ ಅಷ್ಟೇ ದಪ್ಪ. ಇಷ್ಟು ಕಿಲೋಮೀಟರಿಗೆ ಎಂದು ಲೆಕ್ಕ ಹೇಳುವುದು ಕಷ್ಟ. ವಿಜಯಪುರದಿಂದ ಹೊಸಪೇಟೆಗೆ ರಾಷ್ಟ್ರೀಯ ಹೆದ್ದಾರಿ 50ರ ಮೇಲೆ ನೇರ ಓಡುವ ಕಾರಿನ ಪ್ಯಾಡು ಬಹಳ ಕಾಲ ಬರುತ್ತದೆ. ಬಾದಾಮಿಯ ಪೇಟೆಯಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಂಡು, ಆಟೋ, ಎತ್ತು, ಹಂಪುಗಳ ನಡುವೆ ಹೆಜ್ಜೆಹೆಜ್ಜೆಗೂ ನಿಲ್ಲುವ ಕಾರಿನದು ಅದರ ಅರ್ಧವೂ ಬಾರದೆ ಹೋಗಬಹುದು.

ಸವೆತ ನಮ್ಮ ಕಾಲಿಗೆ ಗೊತ್ತಾಗುವುದಿಲ್ಲ ಎಂಬುದೇ ಇದರಲ್ಲಿ ದೊಡ್ಡ ತೊಡಕು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಸವೆದಷ್ಟೂ ಪಿಸ್ಟನ್ ಮುಂದೆ ಬಂದು ಆ ಅಂತರ ತುಂಬಿಕೊಳ್ಳುತ್ತದೆ. ಹೀಗಾಗಿ ಪೆಡಲ್ ಮೊದಲಿನಂತೆಯೇ ಗಟ್ಟಿಯಾಗಿರುತ್ತದೆ, ಕಾರು ಮೊದಲಿನಂತೆಯೇ ನಿಲ್ಲುತ್ತದೆ. ‘ನನ್ನ ಗಾಡಿ ಬ್ರೇಕ್ ಚಲೋ ಐತಿ’ ಎಂಬ ನಂಬಿಕೆ ಕೊನೆಯ ದಿನದವರೆಗೂ ನಿಜವೆಂದೇ ತೋರುತ್ತದೆ. ಸುಳಿವು ಸಿಗುವುದು ಬೇರೆ ಕಡೆ: ಪಿಸ್ಟನ್ ಮುಂದೆ ಸರಿದಂತೆ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ನಿಧಾನವಾಗಿ ಇಳಿಯುತ್ತದೆ. ಕಡಿಮೆಯಾಯಿತೆಂದು ಮೇಲೆ ಸುರಿದು ತುಂಬಿಸಿಬಿಟ್ಟರೆ ಕಾರು ಕೊಟ್ಟ ಸೂಚನೆಯನ್ನು ನಾವೇ ಅಳಿಸಿದ ಹಾಗೆ.

ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ನಾಲಗೆ ಇರುತ್ತದೆ. ಪದರ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ಹೊರಡಿಸುತ್ತದೆ. ಕಾರು ತೊಳೆದ ಮರುದಿನ ಬೆಳಿಗ್ಗೆ ಕೇಳುವ ಕರಕರ ಬೇರೆ. ಅದು ಡಿಸ್ಕಿನ ಮೇಲೆ ಕೂತ ತೆಳು ತುಕ್ಕು, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಧೂಳಿನಿಂದಲೂ ಸದ್ದು ಬರುತ್ತದೆ. ಹೀಗೆ ಸದ್ದಿಗೆ ಹತ್ತು ಕಾರಣ ಹುಡುಕುವ ಮನಸ್ಸು ನಿಜವಾದ ಕಾರಣ ಬಂದಾಗಲೂ ಅದನ್ನೇ ಮಾಡುತ್ತದೆ. ಆಮೇಲೆ ಕೀರಲು ಹೋಗಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದಿತೆಂದರೆ ಡಿಸ್ಕಿನ ಮೇಲೆ ಗೀರು ಬಿದ್ದು, ಪ್ಯಾಡಿನ ಖರ್ಚಿನ ಜೊತೆಗೆ ಡಿಸ್ಕಿನ ಖರ್ಚೂ ತಲೆ ಮೇಲೆ ಬರುತ್ತದೆ. ಉಳಿಸಲು ಹೊರಟವರಿಗೆ ಉಳಿಯುವುದು ಏನೂ ಇಲ್ಲ.

ಹೆದ್ದಾರಿಯ ವೇಗದಲ್ಲಿ ಈ ಲೆಕ್ಕ ಇನ್ನೂ ಕಠಿಣ. ಗಂಟೆಗೆ 40ರಿಂದ 80 ಕಿಲೋಮೀಟರಿಗೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 80ರಲ್ಲಿ ಓಡುವ ಕಾರು ಒಂದೇ ಸೆಕೆಂಡಿನಲ್ಲಿ 22 ಮೀಟರ್ ದಾಟಿರುತ್ತದೆ, ಕಾಲು ಪೆಡಲ್ ಮುಟ್ಟುವ ಮೊದಲೇ. ಮುಂದೆ ಇಳಕಲ್ಲಿನ ಕೆಂಪು ಗ್ರಾನೈಟ್ ದಿಮ್ಮಿ ಹೊತ್ತ ಲಾರಿ ಇದ್ದರೆ ಆ ದೂರ ಎಷ್ಟೆಂದು ಅದರ ಹಿಂದೆ ಹೋದವರೆಲ್ಲ ಬಲ್ಲರು. ಪದರ ತೆಳುವಾದಷ್ಟೂ ಕಾವು ಬ್ರೇಕ್ ಆಯಿಲಿಗೆ ಬೇಗ ತಲುಪುತ್ತದೆ. ಬೇಸಿಗೆಯಲ್ಲಿ, ಕಾರು ತುಂಬ ಜನ ಕೂತು ಗುಡ್ಡದ ಇಳಿಜಾರಿಗೆ ಬಂದಾಗ, ಅಷ್ಟು ದಿನ ಗಟ್ಟಿಯಾಗಿದ್ದ ಪೆಡಲ್ ಕುಸಿಯುವುದು ಹೀಗೆ.

ಬನಶಂಕರಿಯ ತೇರು ಬನದ ಹುಣ್ಣಿಮೆಗೆ ಎಳೆಯುವಾಗ ಎಲ್ಲರ ಕಣ್ಣು ಮೇಲೆ, ಕಳಸದ ಕಡೆ. ಗಾಲಿಯ ಬಳಿ ಬಗ್ಗಿ, ಅದರಡಿಗೆ ಕಟ್ಟಿಗೆಯ ತುಂಡು ಒಡ್ಡುವವರನ್ನು ನೋಡುವವರು ಕಡಿಮೆ. ಅಷ್ಟು ದೊಡ್ಡ ತೇರು ಜನರ ಮೇಲೆ ಹರಿಯದೆ ನಿಲ್ಲುವುದು ಅವರ ಕೈಯಲ್ಲಿ. ಜಜ್ಜಿಹೋದ ತುಂಡನ್ನು ಹಿಡಿದು ‘ನಡೀತೈತಿ’ ಎಂದು ಅವರು ನಿಲ್ಲುವುದನ್ನು ನಾವ್ಯಾರೂ ಒಪ್ಪುವುದಿಲ್ಲ.

ಅದಕ್ಕೇ ನನ್ನ ವಿನಂತಿ ಇಷ್ಟು. ಸರ್ವಿಸಿಗೆ ಕೊಟ್ಟಾಗಲೆಲ್ಲ ಗಾಲಿ ಬಿಚ್ಚಿಸಿ ಒಳಗಿನ ಪ್ಯಾಡನ್ನು ನೀವೇ ಕಣ್ಣಾರೆ ನೋಡಿ. 3 ಮಿಲಿಮೀಟರಿಗೆ ಬಂದಿದ್ದರೆ ಎಡಬಲ ಎರಡೂ ಗಾಲಿಗೆ ಒಟ್ಟಿಗೇ ಹೊಸದು ಹಾಕಿಸಿ, ಪಿನ್ನುಗಳನ್ನು ಶುಚಿ ಮಾಡಿಸಿ. ಜಾತ್ರೆಗೋ ಮದುವೆಗೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವುದಿದ್ದರೆ ಈ ಕೆಲಸ ಹಿಂದಿನ ವಾರವೇ ಆಗಲಿ.